ನೀರು ಕುಡಿಯುವ ಗಾಡಿ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡುವ ಲಕ್ಷಣ ಕಾಣಲಿಲ್ಲ. ರೈಲು ಸೇತುವೆಯ ಕೆಳಗೆ ಸೊಂಟದ ಮಟ್ಟ ನೀರು ನಿಂತು ರಸ್ತೆ ಮುಚ್ಚಿಹೋಗಿತ್ತು. ನನ್ನ ಕಾರು ಅಷ್ಟು ದೂರವೂ ಹೋಗಿರಲಿಲ್ಲ. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿ, ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಟ್ಟಿ, ಅದು ನಡುರಸ್ತೆಯಲ್ಲೇ ಮುಷ್ಕರ ಹೂಡಿತ್ತು. ಯಾರೋ ಪುಣ್ಯಾತ್ಮರು ಕೈಜೋಡಿಸಿ ತಳ್ಳಿ, ಹತ್ತಿರದ ರೇಡಿಯೇಟರ್ ರಿಪೇರಿ ಅಂಗಡಿಗೆ ಸೇರಿಸಿದರು.

ಅದೊಂದು ಉದ್ದನೆಯ ತಗಡಿನ ಶೆಡ್ಡು. ಗೋಡೆಯ ತುಂಬ ಹಳೆಯ ರೇಡಿಯೇಟರುಗಳು ನೇತಾಡುತ್ತಿದ್ದವು. ನಡುವೆ ಸಿಮೆಂಟಿನ ತೊಟ್ಟಿ, ಅದರ ತುಂಬ ಕಪ್ಪು ನೀರು. ಬೆಸುಗೆ ಹಾಕುವ ಬೆಂಚಿನ ಕಡೆಯಿಂದ ಸುಟ್ಟ ಆಸಿಡ್ಡಿನ ವಾಸನೆ ಬರುತ್ತಿತ್ತು. ಅಂಗಡಿ ನಡೆಸುವ ಹೆಂಗಸು ಬಂದು ಬಾನೆಟ್ಟಿನೊಳಗೆ ಟಾರ್ಚು ಬಿಟ್ಟು ನೋಡಿ, "ಪೈಪು ಬಿರಿದಿದೆ. ಹೊಸದು ತರಿಸ್ಬೇಕು. ರಸ್ತೆ ತೆಗೆಯೋ ತನಕ ಏನೂ ಮಾಡೋಕಾಗಲ್ಲ, ಕೂತ್ಕೊಳ್ಳಿ" ಎಂದಳು.

ನನ್ನ ಹಾಗೆಯೇ ಸಿಕ್ಕಿಬಿದ್ದವರು ಇನ್ನಿಬ್ಬರಿದ್ದರು. ಒಬ್ಬ ಬ್ರೆಡ್ ವ್ಯಾನ್ ಓಡಿಸುವವನು, ಇನ್ನೊಬ್ಬಳು ಕೆಲಸ ಮುಗಿಸಿ ಮನೆಗೆ ಹೊರಟಿದ್ದ ನರ್ಸ್. ಮೂವರೂ ಮರದ ಬೆಂಚಿನ ಮೇಲೆ ಒತ್ತಿಕೊಂಡು ಕುಳಿತೆವು. ಎದುರಿಗೆ ಬೆತ್ತದ ಕುರ್ಚಿಯಲ್ಲಿ, ಸ್ವೆಟರ್ ತೊಟ್ಟು, ಕಾಲನ್ನು ಇಟ್ಟಿಗೆಯ ಮೇಲಿಟ್ಟುಕೊಂಡು ಅಂಗಡಿಯಾಕೆಯ ಅತ್ತೆ ತೂಕಡಿಸುತ್ತಿದ್ದರು. ಕರೆಂಟು ಆಗಲೇ ಹೋಗಿತ್ತು. ಬ್ಯಾಟರಿ ದೀಪದ ಬೆಳಕು ತೊಟ್ಟಿಯ ಅಂಚಿನವರೆಗೆ ಮಾತ್ರ ಬರುತ್ತಿತ್ತು.

ಬ್ರೆಡ್ ವ್ಯಾನಿನವನು ಹೊತ್ತು ಹೋಗದೆ ಮಾತು ತೆಗೆದ. "ನನ್ನ ಗಾಡೀದು ಬೇರೇನೇ ಕತೆ. ಎಲ್ಲೂ ಸೋರಲ್ಲ, ಕೆಳಗೆ ಒಂದು ಹನಿ ಬೀಳಲ್ಲ, ಆದ್ರೆ ನೀರು ಮಾತ್ರ ಖಾಲಿ ಆಗಿರುತ್ತೆ. ಗಾಡಿ ನೀರು ಕುಡೀತಿದೆ, ಅಷ್ಟೆ."

ಮುದುಕಿ ಕಣ್ಣು ಬಿಟ್ಟರು. "ಆ ಮಾತನ್ನ ಈ ಅಂಗಡೀಲಿ ಆಡ್ಬೇಡಪ್ಪ."

"ಯಾಕಜ್ಜಿ?"

"ಶುರುವಾಯ್ತು ನೋಡಿ" ಎಂದು ಸೊಸೆ ನಕ್ಕು, ಮಳೆಯ ಎರಚಲು ಒಳಗೆ ಬಾರದ ಹಾಗೆ ಶಟರನ್ನು ಅರ್ಧಕ್ಕೆ ಎಳೆದು, ತನ್ನ ಕೆಲಸಕ್ಕೆ ಹೋದಳು. ಅಜ್ಜಿ ಕುರ್ಚಿಯನ್ನು ನಮ್ಮ ಕಡೆಗೆ ಎಳೆದುಕೊಂಡರು. ಅವರು ಹೇಳಿದ್ದನ್ನು ಅವರ ಮಾತಲ್ಲೇ ಕೊಡುತ್ತೇನೆ.

*

ಹತ್ರ ಬನ್ನಿ, ತಗಡಿನ ಮೇಲೆ ಮಳೆ ಕುಟ್ತಿದೆ, ನನ್ನ ಗಂಟಲೂ ಮೊದಲಿನ ಹಾಗಿಲ್ಲ. ನರ್ಸಮ್ಮ, ನೀನೂ ಬಾ, ಆ ಫೋನು ಒಳಗಿಡು, ಅದಕ್ಕೂ ಸ್ವಲ್ಪ ರೆಸ್ಟು ಕೊಡು. ನೀವು ನಂಬ್ತೀರೋ ಬಿಡ್ತೀರೋ ನನಗೆ ಬೇಕಾಗಿಲ್ಲ. ನಂಬಿಸಿ ನನಗೇನೂ ಆಗ್ಬೇಕಾದ್ದಿಲ್ಲ, ಹೇಗೂ ಕೂತಿದ್ದೀರಲ್ಲ ಅಂತ ಹೇಳ್ತಿದ್ದೀನಿ.

ಈ ಅಂಗಡಿ ಹಾಕಿದ್ದು ನಮ್ಮೋರು. ಬೆಸುಗೆ ಅವರದು, ಗುಳ್ಳೆ ನನ್ನದು... ಹಾಗಂದ್ರೇನು ಅಂತ ಮುಖ ಮುಖ ನೋಡ್ಕೋಬೇಡಿ, ಹೇಳ್ತೀನಿ. ರೇಡಿಯೇಟರ್ ಬಿಚ್ಚಿ, ಅದರ ಬಾಯಿಗೆಲ್ಲ ಬಿರಡೆ ಬಡಿದು, ಒಳಗೆ ಗಾಳಿ ತುಂಬಿ, ಈ ತೊಟ್ಟೀಲಿ ಮುಳುಗಿಸೋದು. ತೂತು ಇರೋ ಕಡೆಯಿಂದ ಗುಳ್ಳೆ ಏಳುತ್ತೆ. ದೊಡ್ಡ ತೂತಾದ್ರೆ ಯಾರಿಗಾದ್ರೂ ಕಾಣುತ್ತೆ. ಸಣ್ಣದಾದ್ರೆ ಸಾಸಿವೆಗಿಂತ ಸಣ್ಣ ಗುಳ್ಳೆ, ಅದೂ ಒಂದು ಎದ್ದ ಮೇಲೆ ಇನ್ನೊಂದು ಏಳೋಕೆ ಎಷ್ಟೋ ಹೊತ್ತು... ಕಣ್ಣು ಮಿಟುಕಿಸದೆ ಕಾಯೋರು ಬೇಕು. ನಮ್ಮೋರ ಕೈ ಬಂಗಾರ, ತಾಳ್ಮೆ ಮಾತ್ರ ಸೊನ್ನೆ. ಅದಕ್ಕೆ ತೊಟ್ಟಿ ಮುಂದೆ ಕೂರೋ ಕೆಲಸ ನನ್ನ ತಲೆಗೆ ಬಂತು. ನಾನು ನೀರು ನೋಡ್ತಾ ಕೂತಿದ್ರೆ ಅವರು ಹಿಂದಿನಿಂದ ಗೊಣಗೋರು, 'ಸೋರದೆ ನೀರು ಹೋಗಲ್ಲ ಕಣೇ, ಸರಿಯಾಗಿ ನೋಡು' ಅಂತ. ನಾನೂ ಬಿಡ್ತಿರ್ಲಿಲ್ಲ, 'ನಿಮ್ಮ ಬಾಯಿಗೊಂದು ಬಿರಡೆ ಬಡಿದ್ರೆ ಸರಿಯಾಗಿ ಕಾಣುತ್ತೆ' ಅಂತಿದ್ದೆ. ನಾವಿಬ್ರೂ ಆಡಿದ ಮಾತಲ್ಲಿ ಅರ್ಧ ಈ ತೊಟ್ಟಿ ಪಕ್ಕದಲ್ಲೇ ಆಡಿದ್ದು.

ಆಗ ಮಾರ್ಕೆಟ್ ಮೂಲೇಲಿ ಒಂದು ಕನ್ನಡಕದ ಅಂಗಡಿ ಇತ್ತು. ಗಂಡ ಹೆಂಡ್ತಿ ಇಬ್ರೇ, ಮಕ್ಕಳಿರ್ಲಿಲ್ಲ. ಗಂಡನ್ನ ಎಲ್ರೂ ಕನ್ನಡಕದಣ್ಣ ಅಂತಿದ್ರು. ಅವರು ಗಾಜು ಅರೆಯೋದು, ಆಯಮ್ಮ ಫ್ರೇಮಿಗೆ ಕೂರ್ಸೋದು. ಗಿರಾಕಿ ಕೈಗೆ ಕೊಡೋ ಮುಂಚೆ ಆಯಮ್ಮ ಕನ್ನಡಕಾನ ಬಾಯಿ ಹತ್ರ ಹಿಡಿದು, 'ಹಾ...' ಅಂತ ಉಸಿರು ಬಿಟ್ಟು, ಮಂಜು ಕಟ್ಟಿದ ಗಾಜನ್ನ ಮೆತ್ತನೆ ಬಟ್ಟೆ ಒಳಗೆ ಹೆಬ್ಬೆರಳಿಟ್ಟು, ಗುಂಡಗೆ, ಒಂದೇ ಸುತ್ತು ಒರೆಸಿ ಕೊಡೋರು. ನನ್ನ ಮೊದಲ್ನೇ ಕನ್ನಡಕಾನೂ ಹಾಗೇ ಕೊಟ್ಟಿದ್ದು. ಈ ಊರಲ್ಲಿ ಅರ್ಧ ಜನ ಲೋಕ ನೋಡಿದ್ದು ಆಯಮ್ಮನ ಉಸಿರು ಒರೆಸಿದ ಗಾಜಿಂದಲೇ ಅನ್ನಿ.

ಆಯಮ್ಮ ತೀರ್ಕೊಂಡ್ರು. ಹೊಟ್ಟೇಲಿ ಏನೋ ಗಡ್ಡೆ, ಆಪರೇಷನ್ ಅಂದಿದ್ರು, ಆ ಟೇಬಲ್ ಮೇಲಿಂದ ಏಳ್ಲೇ ಇಲ್ಲ. ಆಮೇಲೆ ಕನ್ನಡಕದಣ್ಣ ಅಂಗಡಿ ತೆಗೀತಿದ್ರು, ಕೂರ್ತಿದ್ರು, ಮುಚ್ತಿದ್ರು. ಮನೇಗೆ ಹೋದ್ರೆ ಗೋಡೆ ಮುಖ ನೋಡ್ಬೇಕಲ್ಲ, ಅದಕ್ಕೆ ಸಂಜೆ ಕಾರು ತಗೊಂಡು ಒಬ್ರೇ ಹೊರಡೋರು. ಎಲ್ಲಿಗೆ ಅಂತೀರಾ? ಎಲ್ಲಿಗೂ ಇಲ್ಲ. ಊರ ಹೊರಗಿನ ನೇರ ರಸ್ತೇಲಿ ಹೋಗೋದು, ತಿರುಗಿಸ್ಕೊಂಡು ಬರೋದು. ನೀವೂ ನೋಡಿರ್ತೀರಿ ಅಂಥೋರನ್ನ... ಸಿಗ್ನಲ್ಲಲ್ಲಿ ನಿಂತಾಗ ಪಕ್ಕದ ಕಾರಿನೊಳಗೆ ಇಣುಕಿದ್ರೆ ಒಬ್ಬ ಮನುಷ್ಯ ಖಾಲಿ ಸೀಟಿನ ಕಡೆ ತಿರುಗಿ ಏನೋ ಹೇಳ್ತಿರ್ತಾನೆ. ಫೋನಲ್ಲಿರ್ಬೇಕು ಅಂದ್ಕೊಂಡು ನಾವು ಮುಂದಕ್ಕೆ ಹೋಗ್ತೀವಿ.

ಒಂದು ಬೆಳಿಗ್ಗೆ ಆ ಕಾರು ಇಲ್ಲಿಗೆ ಬಂತು. ಗಾಡಿ ಹೀಟ್ ಆಗ್ತಿದೆ, ದಿನಾ ನೀರು ಹಾಕ್ಬೇಕು, ಎಲ್ಲಿ ಹೋಗ್ತಿದೆ ಗೊತ್ತಾಗ್ತಿಲ್ಲ ಅಂದ್ರು. ನಮ್ಮೋರಿಗೆ ಅಂಥ ಕೆಲಸ ಅಂದ್ರೆ ಹಬ್ಬ. ಪೈಪು ನೋಡಿದ್ರು, ಕ್ಲ್ಯಾಂಪು ಬಿಗಿ ಮಾಡಿದ್ರು, ನೀರಿನ ಪಂಪಿನ ಕೆಳಗೆ ಕೈ ಹಾಕಿ ಸವರಿದ್ರು, ಮುಚ್ಚಳದ ರಬ್ಬರು ಬದಲಾಯಿಸಿದ್ರು. ಗಾಡಿ ಕೆಳಗೆ ರಟ್ಟು ಹಾಸಿ ಒಂದು ದಿನ ಬಿಟ್ರು, ರಟ್ಟು ಗರಿಗರಿ ಒಣ. ಸೈಲೆನ್ಸರಿಂದ ಬಿಳಿ ಹೊಗೆ ಇಲ್ಲ, ಆಯಿಲ್ ಜೊತೆ ನೀರು ಬೆರೆತಿಲ್ಲ. ನೀರು ಮಾತ್ರ ಇಳಿದಿದೆ! ಕೊನೇಗೆ ಸೊಂಟಕ್ಕೆ ಕೈ ಕೊಟ್ಟು ನಿಂತು, ಮೆಕ್ಯಾನಿಕ್ಕುಗಳೆಲ್ಲ ಅನ್ನೋ ಮಾತೇ ಅಂದ್ರು, ಈಗ ನೀನಂದ್ಯಲ್ಲ ಅದೇ ಮಾತು... 'ಅಣ್ಣಾ, ಗಾಡಿ ನೀರು ಕುಡೀತಿದೆ.'

ಸ್ಟೂಲ್ ಮೇಲೆ ಕೂತಿದ್ದ ಕನ್ನಡಕದಣ್ಣ ಎದ್ದು ನಿಂತ್ಬಿಟ್ರು.

'ಯಾರು ಕುಡೀತಾರೆ ಅಂದ್ರಿ?'

'ಗಾಡಿ ಅಣ್ಣಾ, ಗಾಡಿ' ಅಂದ್ರು ನಮ್ಮೋರು, ಇವರಿಗೆ ಕಿವಿ ಮಂದ ಅಂದ್ಕೊಂಡು.

ಅವರು ಮತ್ತೆ ಕೂತ್ರು. ನಮ್ಮೋರು ಮತ್ತೆ ಬಾನೆಟ್ ಒಳಗೆ ಬಗ್ಗಿದ ಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, ನಮ್ಮೋರಿಗೆ ಕೇಳಿಸಬಾರ್ದು ಅನ್ನೋ ಹಾಗೆ ಹೇಳಿದ್ರು. ಆಪರೇಷನ್ನಿಗೆ ಅಂತ ಇದೇ ಕಾರಲ್ಲಿ ಹೆಂಡ್ತೀನ ಕರ್ಕೊಂಡು ಹೋಗಿದ್ದು. ದಾರೀಲಿ ಆಯಮ್ಮ ಕೇಳಿದ್ರಂತೆ, ಬಾಯಿ ಒಣಗ್ತಿದೆ, ಒಂದು ಗುಟುಕು ನೀರು ಕೊಡಿ ಅಂತ. ಡಾಕ್ಟ್ರು ಒಂದು ಹನೀನೂ ಬೇಡ ಅಂದಿದ್ರಲ್ಲ, ಇವರು ಕೊಡ್ಲಿಲ್ಲ. 'ಎಲ್ಲಾ ಮುಗೀಲಿ, ಆಮೇಲೆ ಎಷ್ಟು ಬೇಕಾದ್ರೂ ಕುಡಿಯುವಿಯಂತೆ' ಅಂದ್ರಂತೆ. ನೀರಿನ ಬಾಟ್ಲಿ ಆಯಮ್ಮನ ಕಾಲ ಹತ್ರಾನೇ ಉರುಳಾಡ್ತಿತ್ತಂತೆ... ಅವರು ಅದನ್ನ ಮುಟ್ಲಿಲ್ಲ. ಗಂಡ ಬೇಡ ಅಂದ ಮೇಲೆ ಮುಟ್ಲಿಲ್ಲ.

'ತಂಗೀ, ನಗ್ಬೇಡ' ಅಂದ್ರು ಕನ್ನಡಕದಣ್ಣ. 'ಈಗ ಅವಳು ಬಂದು ಪಕ್ಕದಲ್ಲಿ ಕೂರ್ತಾಳೆ. ಅವಳ ಕಡೆ ಗಾಜಿನ ಮೇಲೆ ಮಾತ್ರ ಉಸಿರು ಕಟ್ಟುತ್ತೆ. ನಾನು ಕಣ್ಣಾರೆ ನೋಡ್ತೀನಿ. ಅದೊಂದೇ ಈಗ ನನಗೆ ಉಳ್ಕೊಂಡಿರೋದು.'

ನಾನ್ಯಾಕೆ ನಗ್ಲಿ? ಆದ್ರೆ ನಮ್ಮ ಕಸುಬು ಎಂಥದ್ದು ನೋಡಿ, ಒಬ್ಬ ಮನುಷ್ಯ ಎದೆ ಬಿಚ್ಚಿ ದುಃಖ ಹೇಳ್ಕೋತಿದ್ರೆ ನನ್ನ ತಲೆ ಇನ್ನೊಂದು ಕಡೆ ಓಡ್ತಿತ್ತು. ಗಾಜಾ? ಒಳಗಡೇನಾ? ಅದೂ ಆ ಒಂದು ಪಕ್ಕ ಮಾತ್ರಾನಾ? ಸೀದಾ ಹೋಗಿ ಕಾರಿನ ಬಾಗಿಲು ತೆಗ್ದೆ. ಸಿಹಿ ವಾಸನೆ ಮೂಗಿಗೆ ಹೊಡೀತು. ಕಾಲಿಡೋ ಜಾಗದ ಮ್ಯಾಟು ಒದ್ದೆ. ಗಾಜಿನ ಮೇಲೆ ಬೆರಳಾಡಿಸಿದ್ರೆ ಜಿಡ್ಡು. ಬರೀ ನೀರು ಜಿಡ್ಡು ಇರುತ್ತಾ? ಕೂಲೆಂಟು ಇರುತ್ತೆ! ಇಂಜಿನ್ನಿಗೆ ಹಾಕೋ ಆ ಹಸಿರು ದ್ರಾವಣದ ಗುಣಾನೇ ಅದು, ಸಿಹಿ ವಾಸನೆ, ಕೈಗೆ ಜಿಡ್ಡು. 'ಹೀಟರ್ ರೀ, ಹೀಟರ್!' ಅಂತ ಕೂಗ್ಕೊಂಡೆ.

ಕಾರಿನೊಳಗೆ ಬೆಚ್ಚಗೆ ಗಾಳಿ ಬಿಡೋಕೆ ಡ್ಯಾಶ್‌ಬೋರ್ಡಿನ ಹಿಂದೆ ಇನ್ನೊಂದು ಪುಟ್ಟ ರೇಡಿಯೇಟರ್ ಇರುತ್ತೆ, ಅದರಲ್ಲೂ ಇದೇ ಬಿಸಿ ನೀರು ಓಡಾಡುತ್ತೆ. ಅದು ತೂತಾದ್ರೆ ಹೊರಗೆ ಒಂದು ಹನಿ ಬೀಳಲ್ಲ, ಎಲ್ಲಾ ಒಳಗೇ ಆವಿಯಾಗಿ ಗಾಜಿಗೆ ಕೂರುತ್ತೆ. ಅರ್ಧ ಗಾಡಿ ಬಿಚ್ಚಿ ಅದನ್ನ ಹೊರಗೆ ತೆಗೆದ್ರು, ಗಾಳಿ ತುಂಬಿ ತೊಟ್ಟೀಲಿ ಮುಳುಗಿಸಿದ್ರು. ನಾನು ಕೂತೆ. ಕಾದೆ, ಕಾದೆ... ಬಂತು ನೋಡಿ, ಮೂಲೇಲಿ, ಸೂಜಿ ಮೊನೆಯಷ್ಟು ಜಾಗದಿಂದ ಒಂದು ಗುಳ್ಳೆ. 'ಸಿಕ್ತು!' ಅಂದೆ. ನಮ್ಮೋರು ಖುಷಿಗೆ ನನ್ನ ಬೆನ್ನು ತಟ್ಟಿದ ರಭಸಕ್ಕೆ ನಾನೇ ತೊಟ್ಟಿಗೆ ಬೀಳ್ಬೇಕಿತ್ತು.

ಆಗ ನೋಡ್ದೆ, ಕನ್ನಡಕದಣ್ಣ ತೊಟ್ಟಿ ಮೇಲೆ ಬಗ್ಗಿ ನಿಂತಿದ್ರು. ಇನ್ನೊಂದು ಗುಳ್ಳೆ ಎದ್ದು ಮೇಲೆ ಬಂದು ಒಡೆಯೋದನ್ನೇ ನೋಡ್ತಾ, 'ಗಾಜಿನ ಮೇಲೆ ಬರ್ತಿದ್ದದ್ದು... ಇದಾ?' ಅಂದ್ರು. 'ಇದೇ ಅಣ್ಣಾ' ಅಂದ್ರು ನಮ್ಮೋರು. ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ ಅವರಿಗೆ, ಬಂದಿದ್ರೆ ಎಷ್ಟೋ ಚೆನ್ನಾಗಿತ್ತು.

ಆ ಮನುಷ್ಯ ಏನಂದ್ರು ಗೊತ್ತಾ? 'ಈ ತೂತು ಹೀಗೇ ಬಿಟ್ಬಿಡಿ' ಅಂದ್ರು. 'ದಿನಾ ನೀರು ನಾನೇ ಹಾಕ್ಕೋತೀನಿ. ಎರಡು ಹೊತ್ತು ಬೇಕಾದ್ರೂ ಹಾಕ್ತೀನಿ. ಮುಚ್ಬೇಡಿ.' ನಮ್ಮೋರಿಗೆ ಅರ್ಥ ಆಗಿಲ್ಲ ಅಂತಲ್ಲ, ಆಗಿತ್ತು. ಆದ್ರೆ ಬಿಡೋ ಹಾಗಿತ್ತಾ ನೀವೇ ಹೇಳಿ? ನೀರು ಇಳಿದು ಇಂಜಿನ್ ಹಿಡ್ಕೊಂಡು ದಾರೀಲಿ ನಿಲ್ಲುತ್ತೆ, ಆ ಆವಿ ಎದೆಗೆ ಒಳ್ಳೇದಲ್ಲ, ಗಾಜು ಕಾಣದೆ ಯಾರಿಗಾದ್ರೂ ಗುದ್ದಿದ್ರೆ? 'ಅಣ್ಣಾ, ನಿಮಗೆ ಕೈ ಮುಗೀತೀನಿ, ನಾನು ಗೊತ್ತಿದ್ದೂ ಗೊತ್ತಿದ್ದೂ ತೂತು ಗಾಡಿ ಹೊರಗೆ ಕಳ್ಸಲ್ಲ' ಅಂತ ಬೆಸುಗೆ ಕಾಯಿಸಿದ್ರು. ಕನ್ನಡಕದಣ್ಣ ಬಾಗಿಲ ಹತ್ರ ಹೋಗಿ ಬೀದಿ ಕಡೆ ಮುಖ ಮಾಡಿ ನಿಂತ್ರು, ಬೆಸುಗೆ ಹಾಕೋದನ್ನ ನೋಡ್ಲಿಲ್ಲ.

ಸಂಜೆ ಕಾರು ತಗೊಂಡು ಹೋದ್ರು. ನಾನು ಮನೇಗೆ ಸಾಮಾನು ತರೋಕೆ ಅಂತ ಅದೇ ಬೀದೀಲಿ ಹೋಗ್ತಿದ್ದೆ. ತಿರುವಲ್ಲಿ ಕಾರು ನಿಂತಿತ್ತು. ಕೆಟ್ಟೋಯ್ತಾ ಅಂತ ಹತ್ರ ಹೋಗಿ ಬಗ್ಗಿ ನೋಡಿದ್ರೆ... ಆ ಮನುಷ್ಯ ಪಕ್ಕದ ಸೀಟಿನ ಮೇಲೆ ವಾಲ್ಕೊಂಡು, ಆಯಮ್ಮನ ಕಡೆ ಗಾಜಿಗೆ ಮುಖ ಒತ್ತಿ, ತಾನೇ 'ಹಾ... ಹಾ...' ಅಂತ ಉಸಿರು ಬಿಡ್ತಿದ್ರು. ಮಂಜು ಕಟ್ಟೋದು, ಆರೋದು. ಕಟ್ಟೋದು, ಆರೋದು. ನನಗೆ ಅಳು ತಡ್ಕೊಳೋಕಾಗ್ಲಿಲ್ಲ, ಸಾಮಾನೂ ಬೇಡ ಏನೂ ಬೇಡ ಅಂತ ವಾಪಸ್ ಬಂದ್ಬಿಟ್ಟೆ. ಆ ದಿನ ನಮ್ಮೋರ ಜೊತೆ ಮಾತೇ ಆಡ್ಲಿಲ್ಲ, ಅವರ ತಪ್ಪೇನೂ ಇರ್ಲಿಲ್ಲ, ಆದ್ರೂ ಆಡ್ಲಿಲ್ಲ.

ಆಮೇಲೆ ಮಳೆಗಾಲ ಹಿಡೀತು. ಒಂದು ದಿನ ಅದೇ ಕಾರು ಬಂದು ನಿಂತು ಹಾರ್ನ್ ಹೊಡೀತು. ಕನ್ನಡಕದಣ್ಣ ಇಳಿದ್ರು. ಗಡ್ಡ ನುಣ್ಣಗೆ ಬೋಳಿಸಿದ್ದಾರೆ, ಇಸ್ತ್ರಿ ಮಾಡಿದ ಶರಟು, ಮುಖದ ತುಂಬ ನಗು. ಮನೇಲಿ ಕೂಸು ಹುಟ್ಟಿದ ಸುದ್ದಿ ಹೇಳೋ ಹಾಗೆ ಹೇಳಿದ್ರು, 'ತಂಗೀ, ಗಾಡಿ ಮತ್ತೆ ನೀರು ಕುಡೀತಿದೆ!'

ನಮ್ಮೋರಿಗೆ ಮೈಯೆಲ್ಲ ಉರೀತು. ತಮ್ಮ ಬೆಸುಗೆ ಬಿಟ್ಟಿದೆ ಅಂದ್ರೆ ಅವರಿಗೆ ತಲೆ ತೆಗೆದ ಹಾಗೆ. ಹೀಟರ್ ಬಿಚ್ಚಿ ತೊಟ್ಟಿಗೆ ಹಾಕಿದ್ರು. ನಾನು ಕೂತೆ, ಸೊಂಟ ಬಿದ್ದು ಹೋಗೋ ತನಕ ಕೂತೆ, ಒಂದು ಗುಳ್ಳೆ ಏಳ್ಲಿಲ್ಲ. ದೊಡ್ಡ ರೇಡಿಯೇಟರ್ ಬಿಚ್ಚಿ ಹಾಕಿದ್ರು. ಒಂದು ಗುಳ್ಳೆ ಇಲ್ಲ. ಪೈಪು ಪೈಪೂ ಹಾಕಿದ್ರು. ಇಲ್ಲ. ಎಲ್ಲಾ ಜೋಡಿಸಿ, ಕಂಠಮಟ್ಟ ತುಂಬಿಸಿ, ನನಗೆ ಹೇಳಿದ್ರು, 'ನೀನು ಅಣ್ಣನ ಜೊತೆ ಒಂದು ಸುತ್ತು ಹೋಗ್ಬಾ, ಒಳಗೆ ಕೂತು ಎಲ್ಲಿ ಸೋರುತ್ತೆ ನೋಡು' ಅಂತ.

ಹೋದೆ. ಮುಂದಿನ ಸೀಟಲ್ಲಿ ಕೂತೆ. ಹಾಡುಹಗಲು, ಸಣ್ಣಗೆ ಮಳೆ, ಊರ ಹೊರಗಿನ ನೇರ ರಸ್ತೆ, ಎದುರಿಗೆ ಒಂದು ಗಾಡಿ ಇಲ್ಲ. ಹೀಟರ್ ಬಂದ್ ಮಾಡಿದ್ವಿ. ನಾನು ಕಣ್ಣು ಬಿಟ್ಕೊಂಡು ಗಾಜನ್ನೇ ನೋಡ್ತಿದ್ದೆ, ಗುಳ್ಳೆ ಕಾದ ಕಣ್ಣು ಇದು, ಮೋಸ ಹೋಗೋ ಕಣ್ಣಲ್ಲ. ನನ್ನ ಮುಂದೆ ಗಾಜಿನ ಮೇಲೆ ಅಂಗೈಯಗಲ ಮಂಜು ಕಟ್ತು. ನನ್ನ ಉಸಿರೇ ಇರ್ಬೇಕು ಅಂತ ಮೂಗು ಬಾಯಿ ಮುಚ್ಕೊಂಡೆ. ಕಣ್ಣಲ್ಲಿ ನೀರು ಬರೋ ತನಕ ಉಸಿರು ಹಿಡಿದೆ... ಮಂಜು ದೊಡ್ಡದಾಗ್ತಾನೇ ಹೋಯ್ತು. ಸ್ವಲ್ಪ ಆರೋದು, ಮತ್ತೆ ಕಟ್ಟೋದು, ಸ್ವಲ್ಪ ಆರೋದು, ಮತ್ತೆ ಕಟ್ಟೋದು. ಬೆರಳಿಟ್ಟು ಮುಟ್ದೆ. ಜಿಡ್ಡಿಲ್ಲ! ಮೂಸಿ ನೋಡ್ದೆ, ಸಿಹಿ ವಾಸನೆ ಇಲ್ಲ. ಗಾಡಿ ತುಂಬ ಕೂಲೆಂಟು ಹಾಕಿದ್ದೀವಿ, ಬೆರಳಿಗೆ ಹತ್ತಿದ್ದು ಬರೀ ನೀರು. ಅದೂ ತಣ್ಣಗಿಲ್ಲ, ಬೆಚ್ಚಗೆ.

ಹಾಗೇ ನೋಡ್ತಿದ್ದ ಹಾಗೇನೇ ಆ ಮಂಜಿನ ನಡುವೆ ಗುಂಡಗೆ, ಒಂದೇ ಸುತ್ತು, ಒಂದು ಕನ್ನಡಕದ ಗಾಜಿನಷ್ಟು ಜಾಗ ಒರೆಸ್ಕೊಂಡು ಸ್ವಚ್ಛ ಆಯ್ತು. ಆ ಗುಂಡಲ್ಲಿ ರಸ್ತೆ ಎಷ್ಟು ಸ್ಪಷ್ಟ ಕಾಣ್ತಿತ್ತು ಅಂತೀರಾ...

ಕನ್ನಡಕದಣ್ಣ ಗಾಡಿ ಪಕ್ಕಕ್ಕೆ ಹಾಕಿದ್ರು. ತುಂಬ ಸಂಕೋಚದಿಂದ ಹೇಳಿದ್ರು, '‌ತಂಗೀ, ತಪ್ಪು ತಿಳ್ಕೋಬೇಡ. ಆ ಜಾಗ ಅವಳದು. ನೀನು ಹಿಂದೆ ಕೂತ್ಕೋತೀಯಾ? ಇಕ್ಕಟ್ಟಾಗ್ತಿದೆ ಅವಳಿಗೆ.' ನಾನಾ? ಬಾಗಿಲು ತೆಗೆದು ಇಳಿದು ಹತ್ತೋ ಅಷ್ಟು ಹೊತ್ತೂ ಕಾಯ್ಲಿಲ್ಲ. ಎರಡು ಸೀಟಿನ ಸಂದೀಲಿ ತೂರ್ಕೊಂಡು, ತಲೆ ಕೆಳಗಾಗಿ ಹಿಂದಕ್ಕೆ ಬಿದ್ದೆ. ನಗ್ರಿ, ನಗ್ರಿ, ನಾನೂ ಈಗ ನಗ್ತೀನಿ. ವಾಪಸ್ ಬರೋವರೆಗೂ ಅವರು ಪಕ್ಕಕ್ಕೆ ತಿರುಗಿ ಮಾತಾಡ್ತಾನೇ ಇದ್ರು, ಅಂಗಡಿ ವಿಷಯ, ಯಾರೋ ಗಿರಾಕಿ ವಿಷಯ, ಮನೇಲಿ ನಲ್ಲಿ ತೊಟ್ಟಿಕ್ತಿರೋ ವಿಷಯ. ಗಂಡ ಹೆಂಡ್ತಿ ಆಡೋ ಮಾತು ಕದ್ದು ಕೇಳ್ದ ಹಾಗಾಗಿ ನಾನು ಕಿಟಕಿ ಹೊರಗೆ ನೋಡ್ತಾ ಕೂತೆ.

ನಮ್ಮೋರಿಗೆ ಹೇಳ್ದೆ. ಬಿದ್ದು ಬಿದ್ದು ನಕ್ರು. 'ಮಳೆಗಾಲದಲ್ಲಿ ಗಾಜು ಮಂಜು ಕಟ್ಟೋಕೆ ದೆವ್ವ ಬೇಕೇನೇ? ಸೋರದೆ ನೀರು ಹೋಗಲ್ಲ. ಎಲ್ಲೋ ತೂತಿದೆ, ನನಗೆ ಸಿಕ್ಕಿಲ್ಲ ಅಷ್ಟೆ.' ಅಲ್ಲಿಂದ ಶುರುವಾಯ್ತು ನೋಡಿ ಅವರ ಹುಚ್ಚು. ಕನ್ನಡಕದಣ್ಣ ಆ ಕಡೆ ಬಂದಾಗೆಲ್ಲ ಗಾಡಿ ಒಳಗೆ ತಲೆ ತೂರ್ಸೋರು. ಅಣ್ಣ ಬೇಡ ಅಂತಿರ್ಲಿಲ್ಲ, ನಗ್ತಾ ನಿಂತಿರೋರು. ಸಿಗಲ್ಲ ಅಂತ ಅವರಿಗೆ ಗೊತ್ತಿತ್ತಲ್ಲ.

ಹೀಗೇ ವರ್ಷಗಳು ಹೋದ್ವು. ಒಂದು ಸಂಜೆ ಕನ್ನಡಕದ ಅಂಗಡಿ ಮುಂದೆ ಕಾರು ನಿಂತೇ ಇದೆ, ಆಸಾಮಿ ಇಳೀತಿಲ್ಲ ಅಂತ ಜನ ಸೇರಿದ್ರು. ನಾನೂ ನಮ್ಮೋರೂ ಓಡಿದ್ವಿ. ಸ್ಟೀರಿಂಗ್ ಮೇಲೆ ಕೈ ಇಟ್ಕೊಂಡು, ಪಕ್ಕಕ್ಕೆ ತಿರುಗಿ, ಮಾತಿನ ಮಧ್ಯೆ ನಿಂತ ಹಾಗೆ ಹೋಗ್ಬಿಟ್ಟಿದ್ರು. ಮೈ ತಣ್ಣಗೆ, ಹೋಗಿ ಎಷ್ಟೋ ಹೊತ್ತಾಗಿತ್ತು. ಡಾಕ್ಟ್ರು ಹೃದಯ ಅಂದ್ರು. ಆದ್ರೆ ಎಲ್ರೂ ಅವರ ಮುಖ ನೋಡ್ತಿದ್ರೆ ನಾನು ಗಾಜು ನೋಡ್ದೆ. ಅಷ್ಟು ದಿನ ಒಂದು ಪಕ್ಕ ಮಾತ್ರ ಮಂಜು ಕಟ್ತಿತ್ತಲ್ಲ... ಆವತ್ತು ಎರಡೂ ಪಕ್ಕ ಕಟ್ಟಿತ್ತು.

ಅವರ ತಮ್ಮನ ಮಗ ಬಂದು ಎಲ್ಲಾ ವಿಲೇವಾರಿ ಮಾಡಿದ. ಕಾರನ್ನ ಯಾರೂ ಮೂಸ್ಲಿಲ್ಲ. ನಮ್ಮೋರು ತಗೊಂಡ್ರು! ಯಾಕೆ ಅಂದ್ರೆ, ಆ ತೂತು ಹುಡುಕ್ಬೇಕಿತ್ತಲ್ಲ. ಹಿತ್ತಲಲ್ಲಿ ಒಂದು ಶೆಡ್ಡು ಹಾಕಿ ನಿಲ್ಲಿಸಿದ್ರು. ಸ್ಟಾರ್ಟ್ ಮಾಡ್ದೆ ಸುಮ್ನೆ ನಿಂತ ಗಾಡಿ, ಆದ್ರೂ ನೀರು ಇಳಿಯೋದು. ಮೊದಲು ಒಂದು ಜಗ್ ಹಾಕಿದ್ರೆ ಸಾಕಾಗ್ತಿತ್ತು, ಈಗ ಎರಡು ಬೇಕಾಗ್ತಿತ್ತು. 'ತೂತು ದೊಡ್ಡದಾಗಿದೆ ಕಣೇ' ಅಂತ ನಮ್ಮೋರು ಬಾನೆಟ್ ಒಳಗೆ ತಲೆ ಹಾಕೋರು. ನಾನು ಎರಡು ಜಗ್ ತುಂಬಿಸಿ ಕೊಡ್ತಿದ್ದೆ. ಕೈಲಾಗದೆ ಮಂಚ ಹಿಡಿದ ಮೇಲೂ ಅವರದು ಅದೇ ಜಪ, 'ಇವತ್ತು ಎಷ್ಟು ಇಳಿದಿದೆ ನೋಡ್ಬಾ.' ಆ ತೂತು ಸಿಗದೇನೇ ಹೋದ್ರು.

ಈಗ ಹೇಳ್ತೀನಿ ಕೇಳಿ, ಮುಚ್ಚಿಡೋದೇನಿದೆ. ನನ್ನ ಸೊಸೆ ಚಿನ್ನದಂಥೋಳು, ಊಟ ತಿಂಡಿ ಔಷಧಿ ಒಂದಕ್ಕೂ ಕಮ್ಮಿ ಮಾಡಿಲ್ಲ. ಆದ್ರೆ ನನ್ನ ಗೊಣಗಾಟಕ್ಕೆ ತಿರುಗಿ ಗೊಣಗೋರು ಇಲ್ಲ. ಮನೆ ತುಂಬ ಜನ ಇದ್ರೂ ನಾನು ಒಬ್ಳೇ. ಕನ್ನಡಕದಣ್ಣನಿಗೆ ಹೆಂಡ್ತಿ ವಾಪಸ್ ಬಂದ್ಳಲ್ಲ, ನನಗ್ಯಾಕೆ ಬರ್ಲಿಲ್ಲ? ಅವರು ಹೋದ್ಮೇಲೆ ಈ ತೊಟ್ಟಿ ಮುಂದೆ ಎಷ್ಟು ದಿನ ಕೂತಿದ್ದೀನಿ ಗೊತ್ತಾ, ಬರೀ ನೀರು ನೋಡ್ತಾ. ಇಷ್ಟು ವರ್ಷ ಜೊತೇಲಿದ್ದೋರು, ಒಂದು ಗುಳ್ಳೆ ಏಳ್ಸಲಿಲ್ಲ. ಕೋಪ ಬರ್ತಿತ್ತು ನನಗೆ, ನಿಜವಾಗ್ಲೂ ಕೋಪ. ಬದುಕಿದ್ದಾಗ್ಲೂ ಒಂದು ಮಾತಿಗೆ ಹತ್ತು ಸಲ ಕರೀಬೇಕಿತ್ತು, ಸತ್ತ ಮೇಲೂ ಅದೇ ಬುದ್ಧಿ ಅಂತ.

ಅದಕ್ಕೆ ಸಂಜೆ ಸಂಜೆ ಹಿತ್ತಲಿಗೆ ಹೋಗಿ ಆ ಕಾರಲ್ಲಿ ಕೂರೋಕೆ ಶುರು ಮಾಡ್ದೆ. ಹಿಂದಿನ ಸೀಟಲ್ಲಿ, ಮತ್ತೆಲ್ಲಿ? ಮುಂದೆ ಅವರಿಬ್ರೂ ಇದ್ದಾರಲ್ಲ. ಮೊದಮೊದಲು ಭಯ ಆಗ್ತಿತ್ತು, ಆಮೇಲೆ ಹೋಯ್ತು. ಬಾನೆಟ್ ತೆಗೆದು ಎರಡು ಜಗ್ ನೀರು ಹಾಕೋದು, ಒಳಗೆ ಬಂದು ಕೂರೋದು. ಮುಂದಿನ ಗಾಜಲ್ಲಿ ಎರಡು ಕಡೆ ಮಂಜು ಕಟ್ಟುತ್ತೆ, ಎರಡು ಕಡೇನೂ ಗುಂಡಗೆ ಒರೆಸ್ಕೊಳುತ್ತೆ. ಗಂಡನ ಕಡೇದೂ ಆಯಮ್ಮನೇ ಒರೆಸ್ತಾರೆ ಅನ್ಸುತ್ತೆ, ಅದೇ ಒಂದೇ ಸುತ್ತು. ಯಾರದೋ ಮನೆಗೆ ಹೋಗಿ ಅವರ ಸಂಸಾರ ನೋಡ್ತಾ ಮೂಲೇಲಿ ಕೂತ ಹಾಗೆ... ಆದ್ರೂ ಒಬ್ಳೇ ಇರೋದಕ್ಕಿಂತ ವಾಸಿ ಅಲ್ವಾ?

ಯಾಕಪ್ಪಾ, ಹಿತ್ತಲ ಬಾಗಿಲ ಕಡೆ ನೋಡ್ತೀಯಾ? ಇಲ್ಲೇ ಇದೆ, ಗೋಡೆ ಆಚೆ. ಅವರೇನೂ ಮಾಡಲ್ಲ.

ಈ ಸಲ ಮಳೆ ಶುರುವಾದಾಗಿಂದ ಮಾತ್ರ ಒಂದು ಬದಲಾಗಿದೆ. ಎರಡು ಜಗ್ ಸಾಲ್ತಿಲ್ಲ, ಮೂರು ಬೇಕಾಗ್ತಿದೆ. ಸೊಸೆಗೆ ಹೇಳಿಲ್ಲ, ಹೇಳಿದ್ರೆ ಹಿತ್ತಲಿಗೆ ಬೀಗ ಹಾಕ್ತಾಳೆ. ನಾನು ಕೂರೋದು ಹಿಂದಿನ ಸೀಟಿನ ಎಡಗಡೆ ಕಿಟಕಿ ಹತ್ರ. ಬಲಗಡೆ ಕಿಟಕಿ ಗಾಜು ಮಂಜು ಕಟ್ತಿದೆ. ಮುಟ್ಟಿ ನೋಡ್ದೆ, ಜಿಡ್ಡಿಲ್ಲ. ಉಸಿರು ಹಿಡಿದು ನೋಡ್ದೆ, ನಿಲ್ಲಲ್ಲ. ಇವತ್ತೂ ನೀವು ಬರೋಕೆ ಸ್ವಲ್ಪ ಮುಂಚೆ ಹೋಗಿದ್ದೆ. ಮುಂದೆ ಎರಡು ಗುಂಡು ಫಳಫಳ ಅಂತಿದ್ವು. ನನ್ನ ಪಕ್ಕದ ಸೀಟಿನ ಗಾಜು ಮಾತ್ರ ಯಾರೂ ಒರೆಸಿಲ್ಲ, ಮಂಜು ಕಟ್ಟಿ ಕಟ್ಟಿ, ನೀರಾಗಿ ಇಳಿದು, ಸೀಟೆಲ್ಲ ಒದ್ದೆ ಮಾಡಿ ಕೂತಿದ್ದಾರೆ... ನನಗೆ ಅದರಲ್ಲೇ ಗೊತ್ತಾಯ್ತು. ನಮ್ಮೋರು ಹುಟ್ಟಿದಾಗಿಂದ ಒಂದು ದಿನಾನೂ ಏನನ್ನೂ ಒರೆಸಿದೋರಲ್ಲ.